ಮಿಡಿ ಬಳಗದ ಸಿಸ್ಟರ್

ಸಿಸ್ಟರ್ ಅವರ ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ ನಾವು ಮಿಡಿ ಬಳಗದವರು ನಾಚಿಕೆ ಬಿಟ್ಟು ಜಗಳ ಮಾಡಿದೆವು. ಎಲೆಯ ತುದಿಗೆ ಉಪ್ಪಿನಕಾಯಿ ಬಿದ್ದದ್ದೇ ತಡ, ಪಕ್ಕದಲ್ಲಿ ಕೂತಿದ್ದ ತೀರ್ಥಹಳ್ಳಿಯ ಟೈಲರ್ ಮಿಡಿಯನ್ನು ಮೂಗಿನ ಹತ್ತಿರ ಹಿಡಿದು, "ಇದು ಅದೇ ಅಲ್ವೇನ್ರೀ?" ಅಂದರು. ಎದುರು ಸಾಲಿನಿಂದ ಯಾರೋ "ಛೆ, ಇದು ಬರೀ ಜೀರಿಗೆ ಮಿಡಿ" ಅಂದರು. ನಾನು ಕಚ್ಚಿ ನೋಡಿದೆ. "ಮೂಗಿಗೆ ಎಂತ ಆಗಿದೆ ನಿಮಗೆ? ಸಾವಿತ್ರಕ್ಕನ ಮರದ್ದು ಇದು! ಬೇಕಿದ್ರೆ ಬರೆದು ಕೊಡ್ತೀನಿ" ಅಂತ ಗಂಟಲು ಏರಿಸಿದೆ. ಬಡಿಸುವವರು ಅನ್ನದ ಪಾತ್ರೆ ಹಿಡಿದು ನಿಂತೇಬಿಟ್ಟರು. ಕಡೆಗೆ ಸಿಸ್ಟರ್ ಅವರ ಅಣ್ಣನ ಮಗ ಬಂದು, "ಹೌದು, ಅದೇ ಮರದ್ದು. ಅತ್ತೆ ತಾವೇ ಹಾಕಿಟ್ಟಿದ್ದ ಭರಣಿ. 'ನನ್ನ ವೈಕುಂಠದ ಊಟಕ್ಕೆ ಇದನ್ನೇ ಬಡಿಸಿ, ಬಳಗದವರು ಪತ್ತೆ ಹಚ್ಚುತ್ತಾರೋ ನೋಡಿ' ಅಂದಿದ್ರು" ಎಂದಾಗ ಜಗಳ ಮುಗಿಯಿತು. ಆಮೇಲೆ ಎಲ್ಲರೂ ಇನ್ನೊಂದೊಂದು ಮಿಡಿ ಕೇಳಿ ಹಾಕಿಸಿಕೊಂಡೆವು. ಸತ್ತ ಮೇಲೂ ನಮಗೆ ಪರೀಕ್ಷೆ ಇಟ್ಟ ಹೆಂಗಸು!

ಹೊರಗಿನವರಿಗೆ ಇದೆಲ್ಲ ಹುಚ್ಚು ಅನ್ನಿಸುತ್ತದೆ. ಹುಚ್ಚೇ ಸರಿ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹೊಳೆದಂಡೆ ಹಿಡಿದು ಅಲೆಯುವ, ಉಪ್ಪಿನಕಾಯಿ ಮಿಡಿಯ ಮರ ಕಂಡರೆ ಎಲೆ ಹಿಸುಕಿ ಮೂಸುವ ಒಂದಷ್ಟು ಜನ ನಾವು. ಬ್ಯಾಂಕಿನವರು, ಲಾರಿ ಓಡಿಸುವವರು, ಟೈಲರ್, ಎಲ್ಲ ಇದ್ದಾರೆ. ನಾನು ಆನಂದಪುರದ ರಸ್ತೆ ಬದಿಯಲ್ಲಿ ಬೇಕರಿ ಇಟ್ಟವನು. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ. ಗೊರಟು ಹುಗಿದರೆ ಅದೇ ಪರಿಮಳ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಮರದ ಕಡ್ಡಿ ತಂದು ಬೇರೊಂದು ಮಾವಿನ ಸಸಿಗೆ ಕಸಿ ಕಟ್ಟಿದರೆ ಮಾತ್ರ ಆ ಜಾತಿ ಮುಂದಕ್ಕೆ ಉಳಿಯುತ್ತದೆ. ಹಾಗೆ ಕಟ್ಟುವುದು, ಪುಕ್ಕಟೆ ಹಂಚುವುದು, ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ ಮೊಸರನ್ನದ ಜೊತೆ ರುಚಿ ನೋಡಿ ಕಿತ್ತಾಡುವುದು. ಬಳಗದ ಕೆಲಸ ಇಷ್ಟೇ. ಕಸಿಯ ತಲೆಗೆ ತೇವ ಆರದಂತೆ ತೊಡಿಸಲು ಐಸ್‌ಕ್ಯಾಂಡಿಯ ಪ್ಲಾಸ್ಟಿಕ್ ಕೊಳವೆ ಬೇಕು. ಬೇಕರಿಯಿಂದ ಅದನ್ನು ಒದಗಿಸುವವನು ನಾನು, ಆದ್ದರಿಂದ ಬಳಗದಲ್ಲಿ ನನಗೆ ಸ್ವಲ್ಪ ಜಂಬ.

ಸಿಸ್ಟರ್ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವರು. ಈ ತಾಲೂಕುಗಳನ್ನೆಲ್ಲ ಸುತ್ತಿ ಸಾಗರದಲ್ಲಿ ನಿವೃತ್ತರಾಗಿ, ಅಲ್ಲೇ ಒಂದು ಸಣ್ಣ ಮನೆಯಲ್ಲಿ ಒಬ್ಬರೇ ಇದ್ದರು. ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಕಸಿ ಕಟ್ಟುವಾಗ ಅವರ ಕೈ ನೋಡಬೇಕಿತ್ತು: ಗಾಯಕ್ಕೆ ಪಟ್ಟಿ ಸುತ್ತಿದ ಹಾಗೇ ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಕಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯದಿದ್ದರೆ ಸಸಿ ಮುಟ್ಟಲು ಬಿಡುತ್ತಿರಲಿಲ್ಲ. "ಅದಕ್ಕೂ ನಂಜಾಗುತ್ತೆ ಕಣ್ರೀ" ಅನ್ನುತ್ತಿದ್ದರು. ಭಾಷಣ ಮಾಡುವವರನ್ನು ಕಂಡರೆ ಆಗದು. ಯಾರಾದರೂ ಎದ್ದು ನಿಂತು "ಆತ್ಮೀಯರೇ" ಅಂದರೆ ಸಾಕು, ಅವರು ಎದ್ದು ಚಹಾ ಇಡಲು ಹೋಗಿಬಿಡುತ್ತಿದ್ದರು.

ಇನ್ನೊಂದು ಅಭ್ಯಾಸ ಇತ್ತು. ಎದುರಿನವರು ಕೂಗಾಡಿದರೆ ಸುಮ್ಮನೆ ಅವರ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದರು. ನನ್ನ ನಾಡಿಯನ್ನು ಅವರಷ್ಟು ಸಲ ಯಾವ ಡಾಕ್ಟರೂ ನೋಡಿಲ್ಲ.

ಬಳಗದಲ್ಲಿ ಯಾರದೇ ತಪ್ಪಾದರೂ ಅವರದು ಒಂದೇ ಮಾತು: "ಮೊದಲು ರಕ್ತ ನಿಲ್ಲಿಸಿ. ಆಮೇಲೆ ಬೈಯಿರಿ." ಒಮ್ಮೆ ಹೊಸದಾಗಿ ಬಂದ ಹೆಂಗಸೊಬ್ಬರು ಕಸಿ ಕಡ್ಡಿಯನ್ನು ತಲೆಕೆಳಗಾಗಿ ಹಿಡಿದು ಏನೋ ಕೇಳಿದರು. ನಮ್ಮ ಬ್ಯಾಂಕಿನ ಮಹಾಶಯರು ಎಲ್ಲರೆದುರು ನಕ್ಕು, "ಅಡುಗೆಮನೆಯಲ್ಲೇ ಇರಬೇಕಿತ್ತು ನೀವು" ಅಂದುಬಿಟ್ಟರು. ಆ ಹೆಂಗಸು ಚೀಲ ಎತ್ತಿಕೊಂಡರು. ಸಿಸ್ಟರ್ ಬ್ಯಾಂಕಿನವರನ್ನು ಒಂದು ಮಾತೂ ಬೈಯಲಿಲ್ಲ. ಆ ಹೆಂಗಸಿನ ಪಕ್ಕಕ್ಕೆ ಹೋಗಿ ಕೂತು, ಚೀಲ ಕೆಳಗಿಡಿಸಿ, ಚಹಾ ಕೊಟ್ಟು, ಕಡ್ಡಿಯ ತಲೆ ಯಾವುದು ಬುಡ ಯಾವುದು ತೋರಿಸಿದರು. ಅದೆಲ್ಲ ಮುಗಿದ ಮೇಲೆ ಬ್ಯಾಂಕಿನವರ ಕಡೆ ತಿರುಗಿ, "ಇವತ್ತು ಮಧ್ಯಾಹ್ನದವರೆಗೂ ಇವರಿಗೆ ನೀವೇ ಕಲಿಸ್ತೀರಿ. ಸಂಜೆ ಇವರು ಕಟ್ಟಿದ ಕಸಿ ನಾನು ನೋಡ್ತೀನಿ. ಸರಿಯಾಗಿಲ್ಲ ಅಂದ್ರೆ ಅದು ನಿಮ್ಮ ತಪ್ಪು" ಅಂದರು. ಅಬ್ಬಾ, ಆ ಮನುಷ್ಯ ಆ ದಿನ ಬೆವರಿದ್ದು ಬೆವರಿದ್ದೇ! ಆ ಹೆಂಗಸು ಇಂದು ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಸಿ ಕಟ್ಟುತ್ತಾರೆ.

ಆದರೆ ಇದು ಚಿಲ್ಲರೆ ಗಾಯ. ದೊಡ್ಡ ಗಾಯದ ಕಥೆ ಸಾವಿತ್ರಕ್ಕನ ಮರದ್ದು.

ನಿಟ್ಟೂರಿನಿಂದ ಒಳಗೆ, ಹೊಳೆ ಬದಿಯಲ್ಲಿ ಸಾವಿತ್ರಕ್ಕನ ಮನೆ. ಮನೆಯಾಚೆ ದಂಡೆಯ ಮೇಲೆ ಒಂದು ಮುದಿ ಮಿಡಿಮರ. ಅದರ ಎಲೆ ಹಿಸುಕಿದರೆ ಮೊದಲು ಜೀರಿಗೆ, ಆಮೇಲೆ ಕರ್ಪೂರ, ಕಡೆಗೆ ಹೆಸರೇ ಇಲ್ಲದ ಇನ್ನೊಂದು ವಾಸನೆ. ಆ ಮೂರನೆಯದು ಯಾವುದು ಅಂತ ನಮ್ಮಲ್ಲಿ ಇನ್ನೂ ಒಮ್ಮತ ಆಗಿಲ್ಲ. ಅಂಥ ಮರ ನಾವು ಬೇರೆಲ್ಲೂ ಕಂಡಿರಲಿಲ್ಲ. ಸಾವಿತ್ರಕ್ಕ ಯಾರಿಗೂ ಅದನ್ನು ತೋರಿಸುತ್ತಿರಲಿಲ್ಲ. ಮಿಡಿ ಕೊಯ್ಯುವ ಕಳ್ಳರು ಕೊಂಬೆಯನ್ನೇ ಕಡಿದು ಹಾಕುತ್ತಾರೆ ಅನ್ನುವ ಭಯ. ಸಿಸ್ಟರ್ ಹಿಂದೆ ಅವರ ಬಾಣಂತನ ನೋಡಿದ್ದರಂತೆ, ಆ ವಿಶ್ವಾಸಕ್ಕೆ ನಮ್ಮನ್ನು ಒಳಗೆ ಬಿಟ್ಟರು.

ನಮ್ಮದು ಒಂದು ಕ್ರಮ ಇದೆ, ಸಿಸ್ಟರ್ ಹಾಕಿಕೊಟ್ಟದ್ದು. ಯಾವ ಮರದಿಂದಲೂ ಒಂದು ಹಿಡಿಗಿಂತ ಹೆಚ್ಚು ಕಡ್ಡಿ ತೆಗೆಯುವ ಹಾಗಿಲ್ಲ. ಮೊದಲ ಕಡ್ಡಿಯನ್ನು ಮರದ ಮನೆಯವರೇ ಕೈಯಾರೆ ಮುರಿದು ಕೊಡಬೇಕು. ಅವರು ಮುರಿಯುವ ತನಕ ನಮ್ಮ ಚಾಕು ಚೀಲದಿಂದ ಹೊರಗೆ ಬರಕೂಡದು. ಕಸಿಗಿಡ ಬೆಳೆದು ಮೊದಲ ಸಲ ಬಿಟ್ಟ ಮಿಡಿ ನಮ್ಮ ಬಾಯಿಗಲ್ಲ, ತಾಯಿಮರದ ಮನೆಗೆ. ಆ ವರ್ಷ ಸಾವಿತ್ರಕ್ಕ ಮೊದಲ ಕಡ್ಡಿ ಮುರಿದು ಕೊಟ್ಟರು, ನಾವು ಒಂದು ಹಿಡಿ ತಂದು ಹಂಚಿಕೊಂಡೆವು. ಎಲ್ಲವೂ ಸತ್ತವು. ಒಂದಾದರೂ ಚಿಗುರಬೇಡವೇ? ಮೊದಲು ಕಪ್ಪಾದದ್ದು ನನ್ನದೇ. ಮುಂದಿನ ಮಳೆಗಾಲಕ್ಕೆ ಮತ್ತೆ ಕೇಳೋಣ ಅಂದುಕೊಂಡೆವು.

ಮುಂದಿನ ಮಳೆಗಾಲ ಹಿಡಿಯುವಷ್ಟರಲ್ಲಿ ಸಾವಿತ್ರಕ್ಕನ ಫೋನ್ ಬಂತು. ಹೊಳೆ ಕಡೆಯ ದೊಡ್ಡ ಕೊಂಬೆಯನ್ನು ಯಾರೋ ಗರಗಸ ಹಾಕಿ ಕೊಯ್ದಿದ್ದಾರೆ, ಬೀಳುವಾಗ ಅದು ಕಾಂಡದ ಅರ್ಧವನ್ನು ಸೀಳಿಕೊಂಡು ಬಿದ್ದಿದೆ.

ಸಿಸ್ಟರ್ ಹೊರಟರು, ನಾನು ನನ್ನ ಓಮ್ನಿಯಲ್ಲಿ ಕರೆದುಕೊಂಡು ಹೋದೆ. ಮರದ ಸಿಪ್ಪೆ ಬುಡದವರೆಗೂ ಕಿತ್ತು ಬಿಳಿ ತಿರುಳು ಕಾಣುತ್ತಿತ್ತು. ಸಾವಿತ್ರಕ್ಕ ನೆಲದಿಂದ ಒಂದು ಬೊಗಸೆ ಎಲೆ ಎತ್ತಿ ನಮ್ಮ ಮುಂದೆ ಹಿಡಿದರು. ಒಂದಕ್ಕೂ ತೊಟ್ಟಿರಲಿಲ್ಲ. ಮಿಡಿಯ ಕಳ್ಳರು ಎಲೆ ಕತ್ತರಿಸುತ್ತಾ ಕೂರುವುದಿಲ್ಲ. ತೊಟ್ಟನ್ನು ಕಡ್ಡಿಯಲ್ಲೇ ಉಳಿಸಿ ಎಲೆಯನ್ನು ಮಾತ್ರ ಕತ್ತರಿಸುವುದು ಕಸಿ ಕಟ್ಟುವವರು. ಅಂದರೆ ನಾವು.

"ನಾ ಬೇರೆ ಯಾರಿಗೂ ಈ ಮರ ತೋರ್ಸಿದ್ದಿಲ್ಲೆ ಸಿಸ್ಟರ್. ನಿಮ್ಮನ್ನ ನಂಬಿ ತೋರ್ಸಿದ್ದು" ಅಂದರು ಸಾವಿತ್ರಕ್ಕ. "ಇನ್ನು ನಿಮ್ಮವ್ರು ಯಾರೂ ಈ ಕಡೆ ಬರದು ಬ್ಯಾಡ."

ನನಗೆ ತಲೆ ಕೆಟ್ಟುಹೋಯಿತು. ಅಲ್ಲೇ ಫೋನ್ ತೆಗೆದು, ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಮರದ ಫೋಟೋ ಹಾಕಿ, "ಯಾವ ಕಳ್ಳ ನನ್ನ ಮಗ ಮಾಡಿದ್ದು, ಹೊರಗೆ ಬಾ" ಎಂದು ಬರೆಯಲು ಶುರು ಮಾಡಿದೆ. ಸಿಸ್ಟರ್ ನನ್ನ ಮಣಿಕಟ್ಟು ಹಿಡಿದರು.

"ಬೇಕರಿಯವ್ರೇ, ಫೋನ್ ಒಳಗಿಡಿ. ಸಗಣಿ ಎಲ್ಲಿದೆ ಕೇಳಿ, ಒಂದು ಬುಟ್ಟಿ ತನ್ನಿ."

"ಸಿಸ್ಟರ್, ಕಳ್ಳ ಯಾರು ಅಂತ..."

"ಕಳ್ಳ ಎಲ್ಲೂ ಓಡಲ್ಲ. ಮರ ಸಾಯ್ತಾ ಇದೆ. ಬುಟ್ಟಿ ತನ್ನಿ."

ಸಗಣಿಗೆ ಕೆಮ್ಮಣ್ಣು ಕಲಸಿ ಗಾಯಕ್ಕೆ ಮೆತ್ತಿದೆವು. ಗೋಣಿ ಸುತ್ತಿ ಹಗ್ಗ ಬಿಗಿದೆವು. ಸಿಸ್ಟರ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮೊಣಕೈವರೆಗೂ ಸಗಣಿ ಮಾಡಿಕೊಂಡು ಕೆಲಸ ಮಾಡಿದರು. ಸಾವಿತ್ರಕ್ಕ ಮೊದಲು ದೂರ ನಿಂತಿದ್ದರು. ಆಮೇಲೆ ತಾವೇ ಬಂದು ಹಗ್ಗದ ಇನ್ನೊಂದು ತುದಿ ಹಿಡಿದರು. ಹೊರಡುವಾಗ ಸಿಸ್ಟರ್ ಅವರ ಕೈ ಹಿಡಿದು, "ತಪ್ಪು ನಮ್ಮ ಬಳಗದ್ದು. ನಾನು ಮುಚ್ಚಿ ಹಾಕಲ್ಲ. ಆದ್ರೆ ಈ ಮರ ಈ ಮಳೆಗಾಲ ದಾಟೋದು ನನಗೆ ಅನುಮಾನ" ಅಂದರು. ಸುಳ್ಳು ಸಮಾಧಾನ ಹೇಳುವ ಪೈಕಿ ಅಲ್ಲ ಅವರು.

ಸಾಗರಕ್ಕೆ ಬಂದವರೇ ಬಳಗದ ಒಬ್ಬೊಬ್ಬರಿಗೂ ಫೋನ್ ಮಾಡಿದರು. ಎಲ್ಲರಿಗೂ ಒಂದೇ ಮಾತು. ನನಗೂ ಮಾಡಿದರು, ಪಕ್ಕದಲ್ಲೇ ಕೂತಿದ್ದರೂ! "ಸಾವಿತ್ರಕ್ಕನ ಮರ ಉಳಿಯೋದು ಕಷ್ಟ. ಅದರ ಕಡ್ಡಿಯ ಕಸಿ ಯಾರ ಹತ್ರನಾದ್ರೂ ಜೀವಂತ ಇದ್ರೆ, ಈಗ ಅದೇ ಮರ. ನನ್ನ ಮನೆಗೆ ತನ್ನಿ. ತಂದ ಮೇಲೆ ಮಾತಾಡೋಣ." ಅಷ್ಟೇ. ಗುಂಪಿನಲ್ಲಿ ಒಂದು ಅಕ್ಷರ ಹಾಕಲು ಬಿಡಲಿಲ್ಲ. ನನಗೆ ಆ ದಿನಗಳಲ್ಲಿ ಊಟ ಸೇರಲಿಲ್ಲ. ಬನ್ನು ಸೀದುಹೋದವು. ಬಳಗದ ಯಾರು ಅಂಗಡಿಗೆ ಬಂದರೂ ಅವರ ಕೈ ನೋಡುತ್ತಿದ್ದೆ, ಸೊನೆ ಕಲೆ ಇದೆಯಾ ಅಂತ. ಹೀಗೇ ಆದರೆ ಬಳಗ ಉಳಿಯುವುದಿಲ್ಲ ಅನ್ನಿಸಿತ್ತು.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಸಿಸ್ಟರ್ ಮನೆಗೆ ಬ್ರೆಡ್ಡು ಕೊಡಲು ಹೋದವನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಗೇಟಿನ ಮುಂದೆ ಆಟೋ ನಿಂತಿತು. ಎರಡು ಪ್ಲಾಸ್ಟಿಕ್ ಕ್ರೇಟು ಇಳಿಸಿಕೊಂಡು ಒಳಗೆ ಬಂದವನು ಗೋಪಾಲ. ಅದು ಅವನ ನಿಜವಾದ ಹೆಸರಲ್ಲ. ತಪ್ಪು ಮಾಡಿದವರ ಹೆಸರು ಬಳಗದಿಂದಾಚೆ ಹೋಗಬಾರದು ಅನ್ನುವುದೂ ಸಿಸ್ಟರ್ ಹಾಕಿದ ಕ್ರಮವೇ. ಅವರಿಲ್ಲ ಅಂತ ನಾನು ಮುರಿಯಲಾರೆ. ಅರಳಸುರಳಿ ಕಡೆಯವನು, ಪಂಪ್‌ಸೆಟ್ ರಿಪೇರಿ ಮಾಡುವವನು. ನಮ್ಮಲ್ಲೆಲ್ಲ ಅವನಷ್ಟು ಚುರುಕು ಕೈ ಇನ್ನೊಬ್ಬರದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಸ್ನೇಹಿತ. ಕ್ರೇಟಿನ ತುಂಬ ಕಸಿ ಸಸಿ. ಒಂದೊಂದರ ತಲೆಗೂ ನಾನೇ ಕೊಟ್ಟ ಐಸ್‌ಕ್ಯಾಂಡಿ ಕೊಳವೆ, ಒಳಗೆ ತಾಮ್ರದ ಬಣ್ಣದ ಎಳೆ ಚಿಗುರು.

"ಥೂ ನಿನ್ನ!" ಅಂತ ನಾನು ಎದ್ದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವಂಥದ್ದಲ್ಲ. ಸಿಸ್ಟರ್ ನನ್ನ ಮಣಿಕಟ್ಟು ಹಿಡಿದು, "ಕುದುರೆ ಓಡಿದ ಹಾಗೆ ಓಡ್ತಿದೆ. ಕೂತ್ಕೊಳ್ಳಿ" ಅಂದರು. ಆಮೇಲೆ ಅವನಿಗೆ: "ಇವತ್ತು ನೀರು ಹಾಕಿದ್ದೀರಾ ಇವಕ್ಕೆ?"

"ಇಲ್ಲ ಸಿಸ್ಟರ್."

"ಮೊದಲು ಹಾಕಿ."

ಅವನು ತಂಬಿಗೆ ಹಿಡಿದು ಒಂದೊಂದು ಸಸಿಗೂ ನೀರು ಹಾಕಿದ. ಎಲ್ಲ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ತಾನೇ ಬಾಯಿ ಬಿಟ್ಟ. "ಒಂದು ಹಿಡಿ ಸಾಲಲ್ಲ ಅನ್ನಿಸ್ತು ಸಿಸ್ಟರ್. ಹೋದ ವರ್ಷ ಎಲ್ಲ ಸತ್ತೋದ್ವಲ್ಲ. ತುದಿಯ ಕಡ್ಡಿ ಒಳ್ಳೇದು, ಅದು ಕೈಗೆ ಎಟುಕಲ್ಲ. ಕೊಂಬೆ ಇಳಿಸಿದ್ರೆ ಸಿಗುತ್ತೆ ಅಂದ್ಕೊಂಡೆ. ಸೀಳುತ್ತೆ ಅಂತ ದೇವ್ರಾಣೆ ಗೊತ್ತಿರಲಿಲ್ಲ." ಆಮೇಲೆ, "ಎಲ್ಲರಿಗಿಂತ ಮುಂಚೆ ನಾನೇ ಈ ಕಸಿ ಎಬ್ಬಿಸಬೇಕು, ಜಾತಿಗೆ ನನ್ನ ಹೆಸರಿಡಬೇಕು ಅಂತಾನೂ ಇತ್ತು" ಅಂದ. ಆ ಕಡೆಯ ಮಾತನ್ನು ಅವನು ಹೇಳದಿದ್ದರೂ ನಡೆಯುತ್ತಿತ್ತು. ಹೇಳಿದ್ದಕ್ಕೇ ನನಗೆ ಕೋಪದ ಜೊತೆ ಅಳುವೂ ಬಂತು.

ಆ ಭಾನುವಾರ ಬಳಗ ಸೇರಿತು. ಅಷ್ಟರಲ್ಲಿ ಗಾಳಿಮಳೆಗೆ ಸಾವಿತ್ರಕ್ಕನ ಮರ ಹೊಳೆಗೆ ಮಗುಚಿಕೊಂಡಿತ್ತು. ಈಗ ಆ ಕ್ರೇಟುಗಳಲ್ಲಿದ್ದದ್ದೇ ಮರ. ಅಲ್ಲೇ ನಮ್ಮ ಬುದ್ಧಿ ಕೆಟ್ಟಿತು ನೋಡಿ. ಅರ್ಧ ಜನ, "ಕಳ್ಳನನ್ನು ಈಗಲೇ ಹೊರಗೆ ಹಾಕಿ" ಅಂದರು. ಇನ್ನರ್ಧ ಜನ, "ಅವನು ಕದಿಯದಿದ್ರೆ ಜಾತಿಯೇ ಹೋಗ್ತಿತ್ತಲ್ಲ, ಶಾಲು ಹೊದಿಸಿ" ಅಂದರು. ಬ್ಯಾಂಕಿನವರು ನಿಜವಾಗಿಯೂ ಶಾಲಿನ ಮಾತೆತ್ತಿದರು!

ಸಿಸ್ಟರ್ ಎಲ್ಲರ ಮಾತು ಮುಗಿಯುವ ತನಕ ಕಾದರು. "ಸಸಿ ಬದುಕಿದ್ದು ಒಂದು. ಇವರು ಮಾಡಿದ್ದು ಇನ್ನೊಂದು. ಎರಡನ್ನೂ ಕಲಸಬೇಡಿ" ಅಂದರು. "ಕೊಂಬೆ ಇಳಿಸದೇ ಇದ್ದಿದ್ರೆ ಮರ ಇವತ್ತೂ ನಿಂತಿರ್ತಿತ್ತು. ಕೇಳಿ ತಗೊಂಡಿದ್ರೆ ಇದೇ ಚುರುಕು ಕೈಯಲ್ಲಿ ಒಂದು ಹಿಡಿ ಕಡ್ಡಿಯಲ್ಲೇ ಕಸಿ ಏಳ್ತಿತ್ತು. ಶಾಲೂ ಬೇಡ, ಹೊರಗೆ ಹಾಕೋದೂ ಬೇಡ. ಗಾಯ ಆಗಿರೋದು ಯಾರಿಗೆ? ನಮಗಲ್ಲ. ಅವರನ್ನ ಕೇಳಿದ್ದೀರಾ?"

ಯಾರೂ ಕೇಳಿರಲಿಲ್ಲ.

ಹೀಗೆ ನನ್ನ ಓಮ್ನಿ ಮತ್ತೆ ನಿಟ್ಟೂರಿಗೆ ಹೋಯಿತು. ಮುಂದೆ ಸಿಸ್ಟರ್, ಹಿಂದೆ ಕ್ರೇಟುಗಳ ನಡುವೆ ಗೋಪಾಲ. ಅಂಗಳದಲ್ಲಿ ಅವನು ಸಾವಿತ್ರಕ್ಕನ ಮುಂದೆ ನಿಂತು, "ಕೊಂಬೆ ಕಡಿದಿದ್ದು ನಾನು" ಅಂದ. ಸಿಸ್ಟರ್ ಒಂದು ಮಾತೂ ಸೇರಿಸಲಿಲ್ಲ, ಅವನ ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ. ಸಾವಿತ್ರಕ್ಕ ಅವನನ್ನೇ ದಿಟ್ಟಿಸಿ ನೋಡಿದರು. "ಕೇಳಿದ್ರೆ ನಾ ಇಲ್ಲೆ ಅಂತ ಹೇಳ್ತಿದ್ನ?" ಅಂದರು.

"ಸಾವಿತ್ರಕ್ಕ, ಈ ಸಸಿಗಳೆಲ್ಲ ನಿಮ್ಮವು" ಅಂದರು ಸಿಸ್ಟರ್. "ಇನ್ನು ನಿಮಗೆ ಏನಾಗಬೇಕು ಹೇಳಿ."

"ನಂಗೆ ಎಂತದೂ ಬ್ಯಾಡ. ವರ್ಷಾ ವರ್ಷಾ ಭರಣಿಗೆ ಹಾಕ್ತಿದ್ದ ಆ ಮಿಡಿ ನಂಗೆ ವಾಪಸ್ ಬೇಕು. ಅಷ್ಟೇಯ."

ಸಿಸ್ಟರ್ ಗೋಪಾಲನ ಕಡೆ ತಿರುಗಿ ಕೈ ನೀಡಿದರು. "ಚಾಕು ಕೊಡಿ. ಆ ಮಿಡಿ ಈ ಮನೆಗೆ ಬರೋ ತನಕ ನೀವು ಕಸಿ ಕಟ್ಟಲ್ಲ. ಭಾನುವಾರ ತಪ್ಪದೆ ಬರ್ತೀರಿ, ಮಣ್ಣು ಹೊರ್ತೀರಿ, ಪಾತ್ರೆ ತೊಳಿತೀರಿ. ಈ ಸಸಿಗಳು ಯಾರ ಹಿತ್ತಲಿಗೆ ಹೋದ್ರೂ ಆರೈಕೆ ನಿಮ್ಮದು. ಆಯ್ತಾ?" ಅವನ ಕಸಿ ಚಾಕು ಅವನ ಅಪ್ಪ ತಂದುಕೊಟ್ಟದ್ದು, ಮರದ ಹಿಡಿಯೊಳಗೆ ಮಡಚುವಂಥದ್ದು. ಸೊಂಟದ ಚೀಲದಿಂದ ತೆಗೆದು ಕೊಟ್ಟಾಗ ಅವನ ಮುಖ ನೋಡಲಾರದೆ ನಾನು ಹೊಳೆ ಕಡೆ ತಿರುಗಿದೆ.

ಸಾವಿತ್ರಕ್ಕ ಎರಡು ಸಸಿ ಇಟ್ಟುಕೊಂಡು ಉಳಿದವನ್ನು ಸಿಸ್ಟರ್ ಕೈಯಲ್ಲಿ ಹಂಚಿಸಿದರು. ನನ್ನ ಬೇಕರಿಯ ಹಿತ್ತಲಿಗೂ ಒಂದು ಬಂತು. ಕಸಿ ಮಾವು ಮಿಡಿ ಬಿಡಲು ವರ್ಷಗಳೇ ಬೇಕು. ಅಷ್ಟೂ ವರ್ಷ ಗೋಪಾಲ ಬಸ್ಸು ಹತ್ತಿ ಬಂದು ಬೇಲಿ ಕಟ್ಟಿದ, ಗೆದ್ದಲು ಬಿಡಿಸಿದ, ಬೇಸಿಗೆಯಲ್ಲಿ ನೀರು ಹಾಕಿದ. ಮೊದಮೊದಲು ನಾನು ಮಾತಾಡಿಸುತ್ತಿರಲಿಲ್ಲ. ಚಹಾ ಲೋಟವನ್ನು ಕಟ್ಟೆ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದೆ. ಆಮೇಲಾಮೇಲೆ ಲೋಟದ ಪಕ್ಕ ಒಂದು ಖಾರಾ ಬನ್ನು. ಕಡೆಗೆ ನಾನೂ ಕಟ್ಟೆ ಮೇಲೆ ಕೂತೆ. ಭಾನುವಾರಗಳಂದು ಎಲ್ಲರೂ ಕಸಿ ಕಟ್ಟುವಾಗ ಅವನು ಕೈ ಕಟ್ಟಿಕೊಂಡು ನೋಡುತ್ತಿದ್ದ. ಹೊಸಬರು ಯಾರೋ "ನಿಮಗೆ ಕಟ್ಟಕ್ಕೆ ಬರಲ್ವಾ?" ಅಂತ ಕೇಳಿದರೆ, "ಈಗ ಇಲ್ಲ" ಅನ್ನುತ್ತಿದ್ದ. ಅದೇನು ಸಣ್ಣ ಶಿಕ್ಷೆಯೇ? ನಾನಾಗಿದ್ದರೆ ಒಂದೇ ತಿಂಗಳಿಗೆ ಬಳಗ ಬಿಟ್ಟು ಓಡುತ್ತಿದ್ದೆ.

ಮೊದಲು ಮಿಡಿ ಬಿಟ್ಟದ್ದು ನನ್ನ ಹಿತ್ತಲಲ್ಲಿ! ಬೆಳಿಗ್ಗೆ ಹಲ್ಲುಜ್ಜುತ್ತಾ ಹೋದವನು ಗೊಂಚಲು ನೋಡಿ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಕೂಗಿದೆ. ಒಂದು, ಒಂದೇ ಒಂದು ಮಿಡಿ ಕಚ್ಚಿ ನೋಡಲು ಜೀವ ಹಾತೊರೆಯುತ್ತಿತ್ತು. ಆದರೆ ಕ್ರಮ ಕ್ರಮವೇ. ತೊಟ್ಟು ಮುರಿಯದಂತೆ ಕೊಯ್ದು, ಗೋಪಾಲನಿಗೆ ಫೋನ್ ಮಾಡಿ, ಸಾಗರದಲ್ಲಿ ಸಿಸ್ಟರ್ ಅವರನ್ನು ಹತ್ತಿಸಿಕೊಂಡು ಮೂವರೂ ನಿಟ್ಟೂರಿಗೆ ಹೋದೆವು. ಸಾವಿತ್ರಕ್ಕ ಒಂದು ಮಿಡಿ ಎತ್ತಿ ತೊಟ್ಟು ಮುರಿದು ಸೊನೆ ಮೂಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದರು.

ಆ ಮಳೆಗಾಲದ ಮೊದಲ ಕಸಿ ಭಾನುವಾರ ಬಳಗ ಸೇರಿದ್ದು ಸಾವಿತ್ರಕ್ಕನ ಅಂಗಳದಲ್ಲೇ, ಅವರೇ ಕರೆದರು. ನಾವು ಕೊಟ್ಟ ಮಿಡಿಯಿಂದ ಹಾಕಿದ್ದ ಒಂದು ಸಣ್ಣ ಬಾಟಲಿ ಉಪ್ಪಿನಕಾಯಿಯನ್ನು ನಮಗೆಲ್ಲ ಅರ್ಧರ್ಧ ಮಿಡಿ ಬಡಿಸಿದರು. ಆಹಾ, ಆ ಮೂರನೇ ವಾಸನೆ! ಮಾಮೂಲಿ ಕಿತ್ತಾಟ ಶುರುವಾಗುವಷ್ಟರಲ್ಲಿ ಸಿಸ್ಟರ್ ತಮ್ಮ ಬಟ್ಟೆ ಚೀಲದಿಂದ ಬ್ಯಾಂಡೇಜು ಬಟ್ಟೆಯಲ್ಲಿ ಸುತ್ತಿದ ಏನನ್ನೋ ತೆಗೆದರು. ನಿಧಾನವಾಗಿ ಬಿಚ್ಚಿದರು. ಗೋಪಾಲನ ಚಾಕು.

ನಮ್ಮ ಊರಿನ ಮಳೆ ಗೊತ್ತಲ್ಲ. ಆಷಾಢ ಕಳೆಯುವಷ್ಟರಲ್ಲಿ ಗೋಡೆಗೆ ಹೊಡೆದ ಮೊಳೆಗೂ ತುಕ್ಕು. ಇಷ್ಟು ವರ್ಷ ಮುಚ್ಚಿಟ್ಟ ಚಾಕು ತುಕ್ಕು ಹಿಡಿದು ಹಿಡಿಗೇ ಅಂಟಿಕೊಂಡಿರುತ್ತದೆ ಅಂದುಕೊಂಡೆ. ಸಿಸ್ಟರ್ ಬೆರಳಲ್ಲಿ ತೆರೆದರು. ಅಲಗು ಫಳ್ಳನೆ ಹೊಳೆಯಿತು. ಕೊಬ್ಬರಿ ಎಣ್ಣೆಯ ವಾಸನೆ ನನ್ನ ತನಕ ಬಂತು. ಅಷ್ಟೂ ಮಳೆಗಾಲ, ಒಂದನ್ನೂ ಬಿಡದೆ, ಆ ಹೆಂಗಸು ಅದನ್ನು ಒರೆಸಿ ಎಣ್ಣೆ ಹಚ್ಚಿ ಇಟ್ಟಿದ್ದರು. ಕಿತ್ತುಕೊಂಡ ದಿನವೇ ವಾಪಸು ಕೊಡುವುದು ಅವರ ಮನಸ್ಸಿನಲ್ಲಿ ನಿಶ್ಚಯವಾಗಿತ್ತು.

ಗೋಪಾಲ ಅಲಗನ್ನು ನೋಡಿದವನೇ ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ, ನನಗೇನು ನಾಚಿಕೆ. ಬ್ಯಾಂಕಿನವರು ಕನ್ನಡಕ ಒರೆಸಿಕೊಂಡರು.

"ಅಳೋದು ಆಮೇಲೆ" ಅಂದರು ಸಿಸ್ಟರ್. "ಸಸಿ ಕಾಯ್ತಾ ಇದೆ. ಹೋಗಿ ಕೈ ತೊಳ್ಕೊಂಡು ಬನ್ನಿ."

ಅವನು ಸೋಪು ಹಾಕಿ ಕೈ ತೊಳೆದು ಬಂದು ನಿಂತ. ಸಿಸ್ಟರ್ ಕೊಟ್ಟ ಚಾಕುವನ್ನು ಮಡಚಿ ಸೊಂಟದ ಚೀಲಕ್ಕೆ ಹಾಕಿಕೊಂಡಿದ್ದ, ಕ್ರಮದ ಪ್ರಕಾರ. ಸಾವಿತ್ರಕ್ಕ ಅಂಗಳದ ಅಂಚಿನಲ್ಲಿ ತಮ್ಮ ಎತ್ತರಕ್ಕೂ ಮೀರಿ ಬೆಳೆದಿದ್ದ ಮಿಡಿಗಿಡದ ಹತ್ತಿರ ಹೋದರು. ಕೈ ಚಾಚಿ, ತುದಿಯ ಒಳ್ಳೆಯ ಕಡ್ಡಿಯೊಂದನ್ನು ಆರಿಸಿ, ಟಕ್ಕನೆ ಮುರಿದು, ಅವನ ಅಂಗೈಯಲ್ಲಿಟ್ಟರು.

"ತಗ" ಅಂದರು. "ಈಗ ಚಾಕು ತೆಗೆಯಲಕ್ಕು."